ಏಳು ಸೆಕೆಂಡಿಗೆ ಬೇಕಾದ ಕತ್ತಲೆ

ಕುರ್ಚಿ ಬಾಡಿಗೆಗೆ ಸಿಗುತ್ತದೆ, ಪಾತ್ರೆ ಬಾಡಿಗೆಗೆ ಸಿಗುತ್ತದೆ, ಚಪ್ಪಾಳೆ ತಟ್ಟುವ ಜನ ಕೂಡ ಲಾರಿಗಟ್ಟಲೆ ಸಿಗುತ್ತಾರೆ. ಆದರೆ ಒಂದು ಚಾಪೆಯಗಲದ ಕತ್ತಲೆ ಬೇಕು ಎಂದು ಕೇಳಿ ನೋಡಿ. ಜನ ನಿಮ್ಮನ್ನು ಮೇಲಿಂದ ಕೆಳಗೆ ಅಳೆಯುತ್ತಾರೆ. ಕೇಳಿದ್ದು ಐವತ್ತರ ಅಂಚಿನ ಹೆಂಗಸಾದರೆ ಅವಳನ್ನು ನೋಡುವುದೇ ಇಲ್ಲ. ಪಕ್ಕದಲ್ಲಿ ನಿಂತ ಗಂಡನ ಮುಖ ನೋಡುತ್ತಾರೆ, ‘ಅಯ್ಯೋ ಪಾಪ’ ಎನ್ನುವ ಹಾಗೆ.

ಎಕ್ಸ್‌ರೇ ಅಕ್ಕ ಒಂದು ತಿಂಗಳಿಂದ ಕತ್ತಲೆ ಹುಡುಕುತ್ತಿದ್ದಳು.

ಊರಿನ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷದಿಂದ ಎಕ್ಸ್‌ರೇ ತೆಗೆಯುವವಳು ಅವಳು. ಮುರಿದ ಮೂಳೆ, ಮಕ್ಕಳು ನುಂಗಿದ ಗುಂಡಿ, ಮೂತ್ರಪಿಂಡದ ಕಲ್ಲು, ಎಲ್ಲವನ್ನೂ ಮೊದಲು ನೋಡುವುದು ಅವಳ ಕಣ್ಣು. ‘ಇಲ್ಲೊಂದು ಬಿರುಕಿದೆ ಸಾರ್’ ಎಂದು ಬೆರಳಿಟ್ಟು ತೋರಿಸುವವಳೂ ಅವಳೇ. ಕನ್ನಡಕ ಒರೆಸಿಕೊಂಡು, ‘ಹೂಂ, ಬಿರುಕಿದೆ’ ಎಂದು ತಾವೇ ಕಂಡುಹಿಡಿದವರಂತೆ ಕೆಳಗೆ ಸಹಿ ಜಡಿಯುವವರು ಮಾತ್ರ ಡಾಕ್ಟರು. ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ನೆರಳು ಅವಳ ಕೈಯಲ್ಲಿ ಹಾದುಹೋಗಿದ್ದವು. ಒಂದರ ಕೆಳಗಾದರೂ ಅವಳ ಸಹಿ ಇರಲಿಲ್ಲ. ಕೇಳಿದರೆ, ‘ನಿಯಮ ಹಾಗಿದೆಯಮ್ಮ’ ಎನ್ನುತ್ತಿದ್ದರು. ನಿಯಮ ಮಾಡಿದವನು ಒಂದು ದಿನವೂ ಆ ನೆಲಮಾಳಿಗೆಗೆ ಇಳಿದವನಲ್ಲ.

ಹೀಗಿರುವಾಗ ಅವಳಿಗೆ ಆಕಾಶದ ಹುಚ್ಚು ಹಿಡಿಯಿತು. ಕೈಯುದ್ದದ ಹಳೆಯ ಟೆಲಿಸ್ಕೋಪೊಂದನ್ನು ಕೊಂಡಳು. ಹವ್ಯಾಸಿಗಳ ಒಂದು ಸಂಘಕ್ಕೆ ಸೇರಿದಳು. ಆ ಸಂಘದ ಕೆಲಸ ವಿಚಿತ್ರದ್ದು. ಆಕಾಶದಲ್ಲಿ ಅಲೆಯುವ ಬಂಡೆಗಲ್ಲುಗಳಿವೆಯಲ್ಲ, ಅವುಗಳಲ್ಲೊಂದು ಯಾವಾಗಲಾದರೂ ಒಮ್ಮೆ ಸರಿಯಾಗಿ ಒಂದು ನಕ್ಷತ್ರದ ಮುಂದೆ ಹಾಯುತ್ತದೆ. ಆಗ ನಕ್ಷತ್ರ ಐದಾರು ಸೆಕೆಂಡು ಆರಿಹೋಗಿ ಮತ್ತೆ ಹತ್ತಿಕೊಳ್ಳುತ್ತದೆ. ಭೂಮಿಯ ಮೇಲೆ ಆ ಕಲ್ಲಿನ ನೆರಳು ಒಂದು ಪಟ್ಟಿಯ ಹಾಗೆ ಬೀಳುತ್ತದೆ. ಪಟ್ಟಿಯೊಳಗೆ ನಿಂತವರಿಗಷ್ಟೇ ಇದು ಕಾಣುವುದು. ನಕ್ಷತ್ರ ಎಷ್ಟು ಹೊತ್ತು ಆರಿತ್ತು ಎಂದು ಅಳೆದು ಬರೆದು ಕಳಿಸಿದರೆ, ಕಲ್ಲು ಎಷ್ಟು ದೊಡ್ಡದು ಎಂದು ಸಂಘದವರು ಲೆಕ್ಕ ಹಾಕುತ್ತಾರೆ.

ಇದನ್ನು ಓದಿದ ದಿನ ಅಕ್ಕ ಕುಣಿದಾಡಿದ್ದಳು. ಮುಟ್ಟದೆ, ಕೊಯ್ಯದೆ, ನೆರಳಿನಿಂದಲೇ ಕಲ್ಲು ಅಳೆಯುವುದು! ಅದು ಅವಳ ಕುಲಕಸುಬು. ಅದಕ್ಕಿಂತ ಹೆಚ್ಚಾಗಿ, ಕಳಿಸಬೇಕಾದ ಹಾಳೆಯ ಕೊನೆಯಲ್ಲಿ ಒಂದು ಗೆರೆಯಿತ್ತು: ‘ನೋಡಿದವರ ಸಹಿ’. ಡಾಕ್ಟರ ಸಹಿಯಲ್ಲ, ಮೇಲಧಿಕಾರಿಯ ಸಹಿಯಲ್ಲ. ನೋಡಿದವರದ್ದು.

ಎರಡು ಸಲ ಆ ಗೆರೆಯ ಮೇಲೆ ಸಹಿ ಹಾಕಿಯೂ ಆಗಿತ್ತು. ಎರಡು ಸಲವೂ ಮೇಲೆ ಬರೆದದ್ದು ‘ಕಾಣಲಿಲ್ಲ’.

ಮೊದಲ ಸಲ ಮೋಡ. ಮೋಡದ ಮೇಲೆ ಯಾರು ಸಿಟ್ಟು ಮಾಡುವುದು? ಎರಡನೆಯ ಸಲದ್ದು ಮಾತ್ರ ಕಟ್ಟಿಕೊಂಡ ಗಂಡನದೇ ಕೆಲಸ.

ಅವಳ ಗಂಡ ಡ್ರೈವಿಂಗ್ ಮೇಷ್ಟರು. ಮೂವತ್ತು ವರ್ಷದಿಂದ ಜನರಿಗೆ ಕಾರು ಕಲಿಸುತ್ತ, ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕನ್ನು ತುಳಿಯುತ್ತ ಬದುಕಿದ ಮನುಷ್ಯ. ಊಟಕ್ಕೆ ಕೂತಾಗಲೂ ಮುಂದೆ ಬೆಕ್ಕು ಹಾದರೆ ಬಲಗಾಲು ನೆಲ ಒತ್ತುತ್ತಿತ್ತು. ಅಂದು ಊರಾಚೆಯ ಬಯಲಲ್ಲಿ ಅವಳು ಟೆಲಿಸ್ಕೋಪಿಗೆ ಕಣ್ಣಿಟ್ಟು ಮುಕ್ಕಾಲು ಗಂಟೆ ಕಾದಿದ್ದಳು. ಇನ್ನೇನು ಇಪ್ಪತ್ತು ಸೆಕೆಂಡು ಎನ್ನುವಾಗ ಮೇಷ್ಟರಿಗೆ ನೆನಪಾಯಿತು: ಕತ್ತಲಲ್ಲಿ ನಿಲ್ಲಿಸಿದ ಗಾಡಿಗೆ ನಾಲ್ಕೂ ಇಂಡಿಕೇಟರ್ ಹಾಕಿರಬೇಕು. ಹಾಕಿಬಿಟ್ಟ. ಬಯಲೆಲ್ಲ ಹಳದಿ ಬೆಳಕು ಟಿಕ್ ಟಿಕ್ ಎಂದು ಬಡಿಯತೊಡಗಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

‘ಸೇಫ್ಟಿ ಕಣೇ’ ಎಂದಿದ್ದ ಅವನು.

ಅವಳು ಅಂದು ಆಡಿದ ಮಾತುಗಳನ್ನು ಇಲ್ಲಿ ಬರೆದರೆ ಕಾಗದ ಹತ್ತಿಕೊಳ್ಳುತ್ತದೆ.

ಈಗ ಮೂರನೆಯದು. ಸಂಘದಿಂದ ಪತ್ರ ಬಂದಿತ್ತು. ಮುಂದಿನ ತಿಂಗಳ ಹದಿನಾಲ್ಕನೇ ತಾರೀಖು, ಸಂಜೆ ಏಳು ಐವತ್ತೆರಡಕ್ಕೆ, ಹೆಚ್ಚೆಂದರೆ ಏಳು ಸೆಕೆಂಡು. ಕೆಳಗೆ ಇನ್ನೊಂದು ಸಾಲು, ಬಹಳ ಮರ್ಯಾದೆಯಿಂದ ಬರೆದದ್ದು: ಸತತವಾಗಿ ಮೂರು ಸಲ ‘ಕಾಣಲಿಲ್ಲ’ ಎಂದು ಬರೆಯುವ ಸದಸ್ಯರ ಜಾಗ ವೀಕ್ಷಣೆಗೆ ಯೋಗ್ಯವಲ್ಲವೆಂದು ತಿಳಿದು, ಅವರನ್ನು ಪಟ್ಟಿಯಿಂದ ಕೈಬಿಡಲಾಗುವುದು.

ನಕ್ಷೆಯಲ್ಲಿ ನೆರಳಿನ ಪಟ್ಟಿ ಅವಳ ಮನೆಯನ್ನು ಮುಟ್ಟಿರಲಿಲ್ಲ. ಮುಟ್ಟಿದ್ದರೂ ಅಷ್ಟೇ. ಮನೆಯ ತಾರಸಿಯ ಎದುರಿಗೆ ಬಟ್ಟೆಯಂಗಡಿಯವನು ಆಳೆತ್ತರದ ನಗುವ ಹೆಂಗಸೊಬ್ಬಳನ್ನು ದೀಪ ಹಾಕಿ ನಿಲ್ಲಿಸಿದ್ದ. ಅವಳ ಹಲ್ಲಿನ ಬೆಳಕಿನಲ್ಲೇ ಪೇಪರು ಓದಬಹುದಿತ್ತು. ಊರಿನಿಂದ ದಕ್ಷಿಣಕ್ಕೆ ಹದಿನೈದು ಕಿಲೋಮೀಟರಾದರೂ ಹೋಗಬೇಕಿತ್ತು.

ರಜೆ ಕೇಳಲು ಡಾಕ್ಟರ ಕೋಣೆಗೆ ಹೋದಳು.

‘ಏನಕ್ಕೆ ರಜೆ?’

‘ಆಕಾಶದಲ್ಲಿ ಒಂದು ಕಲ್ಲು ಹೋಗ್ತಿದೆ ಸಾರ್. ನೋಡ್ಬೇಕು.’

‘ಕಲ್ಲು ನೋಡಕ್ಕೆ ಊರು ಬಿಟ್ಟು ಹೋಗ್ಬೇಕೇನಮ್ಮ? ಇಲ್ಲೇ ದಿನಕ್ಕೆ ಹತ್ತು ಕಲ್ಲು ಬರ್ತಾವಲ್ಲ!’ ಎಂದು ಡಾಕ್ಟರು ತಮ್ಮ ಜೋಕಿಗೆ ತಾವೇ ಮೇಜು ಕುಟ್ಟಿಕೊಂಡು ನಕ್ಕರು. ಕಾಂಪೌಂಡರೂ ನಕ್ಕ. ಅವನಿಗೆ ಅದು ಕೆಲಸದ ಭಾಗ.

ರಜೆಯೇನೋ ಸಿಕ್ಕಿತು. ಜಾಗ ಸಿಗಬೇಕಲ್ಲ. ಭಾನುವಾರ ಭಾನುವಾರ ಸಂಜೆ ಗಂಡ ಹೆಂಡತಿ ಹೊರಟರು. ಹಿಂದೆ ಮುಂದೆ ‘ಕಲಿಯುವವರು’ ಎಂಬ ಬೋರ್ಡು ಹೊತ್ತ ಅದೇ ಕಾರು. ಅವಳು ಓಡಿಸುವುದು, ಅವನು ಪಕ್ಕದಲ್ಲಿ ಕೂತು ಬ್ರೇಕು ತುಳಿಯುವುದು.

‘ಕಾಲು ತೆಗೀರಿ.’

‘ತಿರುವಿದೆ.’

‘ತಿರುವು ನನಗೂ ಕಾಣ್ಸುತ್ತೆ. ಕಾಲು ತೆಗೀರಿ ಅಂದೆ.’

ಮೊದಲು ಕೆರೆಯ ಏರಿಗೆ ಹೋದರು. ಕತ್ತಲೆಯೆಂದರೆ ಕತ್ತಲೆ, ಕಣ್ಣಿಗೆ ಬೆರಳಿಟ್ಟರೂ ಕಾಣದಂಥದ್ದು. ಅಕ್ಕ ಖುಷಿಯಿಂದ ಕಾಲು ಇಳಿಸಿದಳು. ಪೊದೆ ಕೆಮ್ಮಿತು. ಪಕ್ಕದ ಪೊದೆ ‘ಶ್’ ಎಂದಿತು. ಏರಿಯುದ್ದಕ್ಕೂ ಮರಕ್ಕೊಂದು ಜೋಡಿ, ಮುಂಗಡ ಕಾದಿರಿಸಿದ ಹಾಗೆ. ಮೇಷ್ಟರು ಟಾರ್ಚು ಬಿಟ್ಟು, ‘ಇಲ್ಲೆಲ್ಲ ಹಾವಿರುತ್ತೆ, ಹುಷಾರು’ ಎಂದು ಸದ್ಭಾವನೆಯಿಂದಲೇ ಹೇಳಿದ.

‘ಅಂಕಲ್, ಹಾವಿಗಿಂತ ನಿಮ್ ಕಾಟ ಜಾಸ್ತಿ ಆಯ್ತು’ ಎಂದಿತು ಒಂದು ಮರ.

ಮುಂದಿನ ವಾರ ಕಲ್ಲು ಗಣಿ. ಅಲ್ಲಿಯೂ ಸೊಗಸಾದ ಕತ್ತಲೆ. ಕಾರಣ ಐದು ನಿಮಿಷದಲ್ಲಿ ತಿಳಿಯಿತು. ಮುಚ್ಚಿದೆ ಎಂದು ಸರ್ಕಾರಿ ಬೋರ್ಡು ಹಾಕಿದ್ದ ಆ ಗಣಿಯಿಂದ ದೀಪ ಹಾಕದ ಲಾರಿಗಳು ಒಂದರ ಹಿಂದೊಂದು ಹೊರಬರುತ್ತಿದ್ದವು. ಮೇಷ್ಟರಿಗೆ ದೀಪವಿಲ್ಲದ ಲಾರಿ ಕಂಡು ಮೈಯೆಲ್ಲ ಉರಿಯಿತು. ಅಡ್ಡ ಹೋಗಿ ಕೈ ಬೀಸಿ ನಿಲ್ಲಿಸಿದ. ‘ಏನಪ್ಪಾ, ಹೆಡ್‌ಲೈಟ್ ಇಲ್ದೆ ಗಾಡಿ ಓಡ್ಸ್ತೀಯಾ? ಲೈಸೆನ್ಸ್ ಯಾರಪ್ಪ ಕೊಟ್ಟಿದ್ದು ನಿನಗೆ?’

ಲಾರಿಯಿಂದ ಇಳಿದವನು ಮೇಷ್ಟರನ್ನು ನೋಡಲಿಲ್ಲ. ಅಕ್ಕನ ಕೈಯಲ್ಲಿದ್ದ ಟೆಲಿಸ್ಕೋಪ್ ನೋಡಿದ. ‘ಇದರಲ್ಲಿ ಫೋಟೋ ಬರುತ್ತಾ?’

‘ಇಲ್ಲಪ್ಪ. ನೋಡೋದಷ್ಟೇ.’

‘ಅಮ್ಮಾ, ನೀವೇನೂ ನೋಡಿಲ್ಲ.’

‘ನಾನು ನೋಡಕ್ಕೇ ಬಂದಿರೋದು ಕಣಯ್ಯ!’

‘ಅದೇ ಹೇಳ್ತಿರೋದು. ನೀವೇನೂ ನೋಡಿಲ್ಲ, ಮನೆಗೆ ಹೋಗಿ’ ಎಂದು ಅವನು ಕಾರಿನ ಬಾಗಿಲನ್ನು ತಾನೇ ತೆರೆದುಕೊಟ್ಟ. ಅಷ್ಟು ಮರ್ಯಾದೆಯನ್ನು ಮೇಷ್ಟರು ಅದಕ್ಕೆ ಮೊದಲು ಎಲ್ಲಿಯೂ ಕಂಡಿರಲಿಲ್ಲ. ವಾಪಸು ಬರುವಾಗ ಹದಿನೈದು ಕಿಲೋಮೀಟರಿನಲ್ಲಿ ಒಂದು ಸಲವೂ ಬ್ರೇಕು ತುಳಿಯಲಿಲ್ಲ.

ಸ್ಮಶಾನದಲ್ಲಂತೂ ಹೋದ ತಿಂಗಳಷ್ಟೇ ನಲವತ್ತಡಿಯ ಕಂಬ ನೆಟ್ಟು ಎಂಟು ದೀಪ ಹಾಕಿದ್ದರು. ಬದುಕಿದ್ದಾಗ ಅವರ ಬೀದಿಗೆ ಒಂದು ಬಲ್ಬು ಹಾಕಿಸದವರು, ಸತ್ತ ಮೇಲೆ ಹಗಲೇ ಮಾಡಿಕೊಟ್ಟಿದ್ದರು.

‘ನೋಡೇ’ ಎಂದ ಮೇಷ್ಟರು ಕಾರಿನಲ್ಲಿ, ‘ಸೇಫ್ ಆಗಿರೋ ಕಡೆ ಎಲ್ಲ ಲೈಟಿದೆ. ಲೈಟಿಲ್ಲದ ಕಡೆ ಎಲ್ಲ ಕಳ್ಳರಿದ್ದಾರೆ. ನಿನಗೆ ಸೇಫಾದ ಕತ್ತಲೆ ಬೇಕು ಅಂದ್ರೆ ಕಣ್ಣು ಮುಚ್ಕೊಂಡು ಮನೇಲಿ ಕೂತ್ಕೋಬೇಕು.’

‘ಮೂವತ್ತು ವರ್ಷ ನಿಮ್ಮ ಜೊತೆ ಅದನ್ನೇ ಮಾಡಿದ್ದು’ ಎಂದಳು ಅಕ್ಕ.

ಕೊನೆಗೆ ಜಾಗ ಸಿಕ್ಕಿದ್ದು ನಾಲ್ಕನೆಯ ವಾರ. ಪಟ್ಟಿಯ ನಟ್ಟನಡುವೆ ಒಂದು ಹಳ್ಳಿ. ಹಳ್ಳಿಯ ಹೊರಗೆ ಶಾಲೆ. ಶಾಲೆಯ ಹಿಂದೆ ಮೈದಾನ, ಸುತ್ತ ಗೋಡೆ, ಗೇಟಿಗೆ ಬೀಗ. ಮೈದಾನದ ಒಂದೇ ದೀಪ ಆರು ವರ್ಷದ ಹಿಂದೆ ಚೆಂಡು ಬಡಿದು ಒಡೆದದ್ದು. ಆರು ವರ್ಷದಲ್ಲಿ ಆರು ಅರ್ಜಿ ಹೋಗಿದ್ದವು, ದೀಪ ಬಂದಿರಲಿಲ್ಲ. ಸರ್ಕಾರದ ಸೋಮಾರಿತನಕ್ಕೆ ಅಕ್ಕ ಜೀವನದಲ್ಲಿ ಮೊದಲ ಬಾರಿ ಕೈ ಮುಗಿದಳು.

ಹೆಡ್‌ಮಾಸ್ಟರು ಸಾಧು ಮನುಷ್ಯ. ಒಳ್ಳೆಯವರು. ಈ ಲೋಕದಲ್ಲಿ ಅರ್ಧ ಕೆಲಸ ಕೆಟ್ಟವರಿಂದ ಕೆಡುತ್ತದೆ, ಉಳಿದರ್ಧ ಇಂಥ ಒಳ್ಳೆಯವರಿಂದ.

‘ಧಾರಾಳವಾಗಿ ನೋಡ್ಕೊಳ್ಳಿ ಅಕ್ಕ. ಗೇಟಿನ ಬೀಗದಕೈ ನಾನೇ ಕೊಡ್ತೀನಿ. ಆದರೆ... ಮೇಲಿನವರ ಕಿವಿಗೆ ಒಂದು ಮಾತು ಹಾಕಿದ್ರೆ ಒಳ್ಳೇದು. ನಾಳೆ ಯಾರಾದ್ರೂ ಕೇಳಿದ್ರೆ?’

‘ಯಾರು ಕೇಳ್ತಾರೆ ಸಾರ್? ಹದಿನೈದು ನಿಮಿಷದ ಕೆಲಸ. ಬರ್ತೀವಿ, ನೋಡ್ತೀವಿ, ಹೋಗ್ತೀವಿ.’

‘ಒಂದು ಸಣ್ಣ ಅರ್ಜಿ ಅಷ್ಟೇ. ನಾಲ್ಕು ಸಾಲು.’

ಅವಳು ನಾಲ್ಕು ಸಾಲು ಬರೆದುಕೊಟ್ಟಳು. ಅದೇ ಅವಳು ಮಾಡಿದ ತಪ್ಪು. ಅರ್ಜಿ ಎನ್ನುವುದು ಹಿಟ್ಟಿನ ಹಾಗೆ. ಕಚೇರಿಯ ಮೇಜಿನ ಮೇಲೆ ಎರಡು ದಿನ ಬಿಟ್ಟರೆ ಉಬ್ಬುತ್ತದೆ. ಹದಿನೈದು ದಿನದ ಮೇಲೆ ಉತ್ತರ ಬಂತು. ಅನುಮತಿ ಕೊಟ್ಟಿದ್ದರು. ಜೊತೆಗೆ ಒಂಬತ್ತು ಷರತ್ತು ಹಾಕಿದ್ದರು. ಮೂರನೆಯದು ಹೀಗಿತ್ತು: ‘ನಕ್ಷತ್ರ ವೀಕ್ಷಣೆಯು ರಾತ್ರಿ ವೇಳೆ ನಡೆಯುವುದರಿಂದ ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಸ್ಥಳದಲ್ಲಿ ಸಾಕಷ್ಟು ಬೆಳಕಿನ ವ್ಯವಸ್ಥೆ ಇರತಕ್ಕದ್ದು.’

ಅಕ್ಕ ಅದನ್ನು ಮೂರು ಸಲ ಓದಿದಳು. ಆಮೇಲೆ ಗಂಡನ ಕೈಗೆ ಕೊಟ್ಟಳು.

‘ಸರಿಯಾಗೇ ಇದೆಯಲ್ಲ’ ಎಂದ ಮೇಷ್ಟರು.

ಅವಳು ನೋಡಿದ ನೋಟಕ್ಕೆ, ‘ಅಂದ್ರೆ, ವ್ಯಾಕರಣ ಸರಿಯಾಗಿದೆ ಅಂದೆ’ ಎಂದು ಎದ್ದು ಹೋದ.

ಹದಿನಾಲ್ಕನೇ ತಾರೀಖು ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಚಂದ್ರನಿಲ್ಲ, ಮೋಡವಿಲ್ಲ. ಹೊರಡುವಾಗ ಅಕ್ಕ ಗಂಡನಿಗೆ ಒಂದೇ ಮಾತು ಹೇಳಿದಳು: ‘ಇವತ್ತು ನೀವು ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಕಾರಿಂದು, ಮೊಬೈಲಿಂದು, ಯಾವುದೂ. ಮುಟ್ಟಿದ್ರೆ ಡೈವೋರ್ಸು.’

‘ಆಯ್ತು.’

‘ತಮಾಷೆ ಅಲ್ಲ.’

‘ಆಯ್ತು ಅಂದ್ನಲ್ಲೇ.’

ಏಳು ಗಂಟೆಗೆ ಹಳ್ಳಿಯ ತಿರುವು ದಾಟಿದರು. ದಾಟಿದ್ದೇ ಅಕ್ಕ ಕಾರಿನ ವೇಗ ತಗ್ಗಿಸಿ ಮೇಲೆ ನೋಡಿದಳು. ಶಾಲೆಯ ಮೇಲಿನ ಆಕಾಶ ಬೆಳ್ಳಗಿತ್ತು. ಮೈದಾನದ ನಾಲ್ಕು ಮೂಲೆಗೂ ನಾಲ್ಕು ಕಂಬ ನೆಟ್ಟು, ಕಂಬಕ್ಕೊಂದು ಮೊರದ ಗಾತ್ರದ ದೀಪ ಕಟ್ಟಿದ್ದರು. ಮೂಲೆಯಲ್ಲಿ ಜನರೇಟರು ಗುಡುಗುಟ್ಟುತ್ತಿತ್ತು. ವೇದಿಕೆ ಎದ್ದಿತ್ತು. ವೇದಿಕೆಗೆ ಬಣ್ಣದ ಮಿಣುಕು ದೀಪದ ಸರ. ಅದರ ನಡುವೆ, ಥರ್ಮೋಕೋಲಿನಲ್ಲಿ ಕೊರೆದ ನಕ್ಷತ್ರಗಳು. ಮುನ್ನೂರು ಕುರ್ಚಿ, ಮುನ್ನೂರರಲ್ಲೂ ಜನ. ಬ್ಯಾನರಿನ ಮೇಲೆ ‘ಬೃಹತ್ ನಕ್ಷತ್ರ ವೀಕ್ಷಣಾ ಸಮಾರಂಭ’ ಎಂದು ಬರೆದಿತ್ತು. ಅಕ್ಷರಕ್ಕಿಂತ ಎರಡು ಪಾಲು ದೊಡ್ಡದಾಗಿ ಪಂಚಾಯಿತಿ ಅಧ್ಯಕ್ಷರ ಮುಖ.

ಹೆಡ್‌ಮಾಸ್ಟರು ಓಡಿ ಬಂದರು. ಮುಖ ಬಾಡಿದ ಸೊಪ್ಪಾಗಿತ್ತು. ‘ಅಕ್ಕ, ನನ್ನ ಕೈ ಮೀರಿಹೋಯ್ತು. ಅರ್ಜಿ ಅಧ್ಯಕ್ಷರ ಕೈಗೆ ಸಿಕ್ತು. ಎರಡೇ ದಿನದಲ್ಲಿ ಕಂಬ ಬಂತು. ಆರು ವರ್ಷ ಕೇಳಿದ್ರೂ ಬರದ್ದು...’

ಅಧ್ಯಕ್ಷರೂ ಬಂದರು. ಬಿಳಿ ಬಟ್ಟೆ, ಬೆಳಕಿಗೆ ಕಣ್ಣು ಕುಕ್ಕುವಷ್ಟು ಬಿಳಿ. ‘ಬನ್ನಿ ಬನ್ನಿ ಮೇಡಂ! ಹೇಗಿದೆ ವ್ಯವಸ್ಥೆ? ಒಂದು ಸೂಜಿ ಬಿದ್ರೂ ಹುಡುಕಬಹುದು!’

‘ಸಾರ್, ಈ ಲೈಟೆಲ್ಲ ಆರಿಸ್ಬೇಕು.’

‘ಯಾಕೆ?’

‘ನಕ್ಷತ್ರ ನೋಡ್ಬೇಕಲ್ಲ ಸಾರ್.’

ಅಧ್ಯಕ್ಷರು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ನಕ್ಕರು. ‘ಮೇಡಂ, ಏನಾದ್ರೂ ನೋಡ್ಬೇಕು ಅಂದ್ರೆ ಲೈಟು ಬೇಕಲ್ವಾ? ಕತ್ತಲಲ್ಲಿ ಏನ್ ಕಾಣ್ಸುತ್ತೆ?’

ಈ ಪ್ರಶ್ನೆಗೆ ಉತ್ತರ ಕೊಡಲು ಒಂದನೇ ತರಗತಿಯಿಂದ ಶುರುಮಾಡಬೇಕಿತ್ತು. ಅವಳ ಹತ್ತಿರ ಇದ್ದದ್ದು ನಲವತ್ತೆಂಟು ನಿಮಿಷ. ‘ಏಳು ಐವತ್ತರಿಂದ ಐವತ್ತೈದರವರೆಗೆ. ಐದೇ ನಿಮಿಷ ಆರ್ಸಿ ಸಾರ್. ನಿಮ್ಮ ಕಾಲು ಹಿಡೀತೀನಿ.’

‘ಐದು ನಿಮಿಷಾನಾ? ಮುನ್ನೂರು ಜನ, ಹೆಣ್ಣುಮಕ್ಕಳು, ವಯಸ್ಸಾದವರು. ಯಾರಾದ್ರೂ ಎಡವಿ ಬಿದ್ರೆ ಜವಾಬ್ದಾರಿ ಯಾರದು? ನಿಮ್ ನಕ್ಷತ್ರದ್ದಾ?’

ವೇದಿಕೆಯ ಮೇಲೆ ಭಾಷಣ ಶುರುವಾಯಿತು. ಮೊದಲು ಸ್ವಾಗತ. ಆಮೇಲೆ ಸ್ವಾಗತ ಮಾಡಿದವರಿಗೆ ಸ್ವಾಗತ. ಅಕ್ಕ ಮೈದಾನದ ಹಿಂದಿನ ಮೂಲೆಯಲ್ಲಿ ಸ್ಟ್ಯಾಂಡು ನಿಲ್ಲಿಸಿ ಟೆಲಿಸ್ಕೋಪ್ ಕೂರಿಸಿದಳು. ಪಕ್ಕದಲ್ಲಿ ಟಿಕ್ ಟಿಕ್ ಎಂದು ಸೆಕೆಂಡು ಎಣಿಸುವ ಒಂದು ಯಂತ್ರ, ಆ ಟಿಕ್ಕಿನ ಜೊತೆ ತನ್ನ ಮಾತನ್ನೂ ಹಿಡಿಯಲು ಧ್ವನಿ ಮುದ್ರಿಸುವ ಇನ್ನೊಂದು ಯಂತ್ರ ಇಟ್ಟಳು. ತಲೆಯ ಮೇಲೆ ಸೆರಗು ಮುಸುಕು ಹಾಕಿ ಕಣ್ಣಿಟ್ಟಳು. ದೀಪದ ಬೆಳಕು ಕೊಳವೆಯೊಳಗೇ ನುಗ್ಗಿ ಎಲ್ಲವೂ ನೀರು ಬೆರೆಸಿದ ಹಾಲಾಗಿತ್ತು. ದಪ್ಪ ನಕ್ಷತ್ರಗಳನ್ನು ಹಿಡಿದು, ಒಂದರಿಂದ ಇನ್ನೊಂದಕ್ಕೆ ದಾಟಿ, ತನ್ನ ನಕ್ಷತ್ರ ಇರಬೇಕಾದ ಜಾಗಕ್ಕೇನೋ ಬಂದು ಮುಟ್ಟಿದಳು. ಅಲ್ಲಿ ಏನೂ ಇರಲಿಲ್ಲ. ಇತ್ತು, ಕಾಣಲಿಲ್ಲ. ಬರಿಗಣ್ಣಿಗೆ ಎಂದೂ ಕಾಣದಷ್ಟು ಸಣ್ಣ ನಕ್ಷತ್ರ ಅದು.

ಏಳು ನಲವತ್ತು. ಅಧ್ಯಕ್ಷರು ಮೈಕು ಹಿಡಿದರು. ‘ಅಂಧಕಾರವನ್ನು ಹೊಡೆದೋಡಿಸುವುದೇ ನಮ್ಮ ಗುರಿ!’ ಚಪ್ಪಾಳೆ.

ಏಳು ನಲವತ್ತೈದು. ಅವಳು ಜನರೇಟರಿನವನ ಹತ್ತಿರ ಹೋಗಿ ಬೇಡಿದಳು. ಅವನು ಕಿವಿಯಿಂದ ಬೀಡಿ ತೆಗೆದು, ‘ನನಗೆ ಆರ್ಡರಾಗ್ಬೇಕಮ್ಮ’ ಎಂದ. ‘ಅಧ್ಯಕ್ಷರು ಹೇಳಿದ್ರೆ ಆನು, ಅಧ್ಯಕ್ಷರು ಹೇಳಿದ್ರೆ ಆಫು. ನಾನು ಬರೀ ಕೈ.’

ಅವಳು ತಿರುಗಿ ಬಂದು ಟೆಲಿಸ್ಕೋಪಿನ ಪಕ್ಕ ಸುಮ್ಮನೆ ನಿಂತಳು. ಕೈಯಲ್ಲಿ ಸಂಘದ ಹಾಳೆ ಇತ್ತು. ‘ಕಾಣಲಿಲ್ಲ’ ಎಂದು ಈಗಲೇ ಬರೆದುಬಿಡಬಹುದಿತ್ತು. ಕಾರಣ: ದೀಪ. ಜಾಗ: ಯೋಗ್ಯವಲ್ಲ. ಮತ್ತೆ ಸೋಮವಾರದಿಂದ ನೆಲಮಾಳಿಗೆ. ಅವಳು ನೋಡುವುದು, ಇನ್ಯಾರೋ ಸಹಿ ಹಾಕುವುದು. ಮೇಷ್ಟರು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ದೂರದಿಂದ ಅವಳನ್ನು ನೋಡುತ್ತಿದ್ದ. ಎರಡನೆಯ ಸಲ ‘ಕಾಣಲಿಲ್ಲ’ ಎಂದು ಬರೆದ ರಾತ್ರಿ ಅವಳು ಬೈದು ಬೈದು ಸುಸ್ತಾದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಹೀಗೇ ನಿಂತಿದ್ದಳು. ಬೈಗಳು ಅವನಿಗೆ ಮರೆತುಹೋಗಿದ್ದವು. ಆ ನಿಲುವು ಮರೆತಿರಲಿಲ್ಲ.

ಏಳು ನಲವತ್ತೊಂಬತ್ತಕ್ಕೆ ಮೇಷ್ಟರು ಜನರೇಟರಿನ ಕಡೆ ನಡೆದ. ಮೂಗು ಎತ್ತಿ ಎರಡು ಸಲ ಮೂಸಿದ.

‘ಏನಪ್ಪಾ, ವೈರು ಸುಟ್ಟ ವಾಸನೆ ಬರ್ತಿದೆಯಲ್ಲ?’

‘ಎಲ್ಲಿ ಸಾರ್? ನನಗೇನೂ ಬರ್ತಿಲ್ಲ.’

‘ಬೀಡಿ ಸೇದೋ ಮೂಗಿಗೆ ಏನಪ್ಪ ಬರುತ್ತೆ? ಮೂವತ್ತು ವರ್ಷ ಗಾಡಿ ಜೊತೆ ಬದುಕಿದೀನಿ, ನನಗೆ ಗೊತ್ತಾಗುತ್ತೆ. ಪಕ್ಕದಲ್ಲೇ ಡೀಸೆಲ್ ಕ್ಯಾನಿಟ್ಟಿದೀಯ. ಹತ್ಕೊಂಡ್ರೆ ಮೊದಲು ಹೋಗೋದು ನೀನು, ಆಮೇಲೆ ವೇದಿಕೆ. ಅಧ್ಯಕ್ಷರಿಗೆ ಏನಾದ್ರೂ ಆದ್ರೆ ಜವಾಬ್ದಾರಿ ಯಾರದು? ಸುರಕ್ಷತೆಯ ದೃಷ್ಟಿಯಿಂದ ಹೇಳ್ತಿದೀನಿ, ಆಮೇಲೆ ನಿನ್ನಿಷ್ಟ.’

ಮೂವತ್ತು ವರ್ಷದಲ್ಲಿ ಮೇಷ್ಟರು ಸುರಕ್ಷತೆಯ ವಿಷಯದಲ್ಲಿ ಹೇಳಿದ ಮೊದಲ ಸುಳ್ಳು ಅದು. ಸುಳ್ಳಾದ್ದರಿಂದಲೋ ಏನೋ, ಮೊದಲ ಬಾರಿಗೆ ಒಬ್ಬ ಮನುಷ್ಯ ಅವನ ಮಾತನ್ನು ಆ ಕ್ಷಣವೇ ಕೇಳಿದ. ಜನರೇಟರು ಗೊರಗೊರ ಎಂದು ಕೆಮ್ಮಿ ನಿಂತಿತು.

ಕತ್ತಲೆ ಧೊಪ್ಪೆಂದು ಬಿತ್ತು.

‘...ಬೆಳಕಿನೆಡೆಗೆ—’ ಎನ್ನುತ್ತಿದ್ದ ಅಧ್ಯಕ್ಷರ ಮೈಕು ಸತ್ತುಹೋಯಿತು. ಕುರ್ಚಿ ಉರುಳಿದವು. ಹೆಂಗಸರು ಕೂಗಿದರು, ಮಕ್ಕಳು ಕಿರುಚಿದವು. ಯಾರೋ ಯಾರದೋ ಕಾಲು ತುಳಿದರು. ಮುನ್ನೂರು ಜೇಬುಗಳಿಂದ ಮುನ್ನೂರು ಮೊಬೈಲು ಹೊರಬಂದು, ಒಂದೊಂದಾಗಿ ಟಾರ್ಚು ಹೊತ್ತತೊಡಗಿದವು. ನಾಲ್ಕು ದೀಪದ ಜಾಗದಲ್ಲಿ ಈಗ ಮುನ್ನೂರು. ಸಮಯ ಏಳು ಐವತ್ತು.

ಅಕ್ಕನಿಗೆ ಯೋಚಿಸಲು ಹೊತ್ತಿರಲಿಲ್ಲ. ಬಾಯಿಗೆ ಬಂದದ್ದು ಇಪ್ಪತ್ತಾರು ವರ್ಷದಿಂದ ಬಾಯಲ್ಲಿದ್ದ ಮಾತು, ಬಂದದ್ದು ನೆಲಮಾಳಿಗೆಯ ದಪ್ಪ ಗೋಡೆಗೆ ಪಳಗಿದ ಗಂಟಲಿನಿಂದ.

‘ಯಾರೂ ಅಲ್ಲಾಡಬಾರದು!’

ಮೈದಾನ ಗಕ್ಕನೆ ನಿಂತಿತು. ಸುತ್ತ ನಲವತ್ತು ಕಿಲೋಮೀಟರಿಗೆ ಇದ್ದದ್ದು ಅಕ್ಕ ಕೆಲಸ ಮಾಡುವ ಅದೊಂದೇ ಆಸ್ಪತ್ರೆ. ಆ ಮುನ್ನೂರು ಜನರಲ್ಲಿ ಕೈ ಮುರಿದವರು, ಕಾಲು ಮುರಿದವರು, ಕೆಮ್ಮು ಹತ್ತಿದವರು, ಒಬ್ಬರಲ್ಲ ಒಬ್ಬರು ಎಂದಾದರೊಮ್ಮೆ ಆ ತಣ್ಣನೆ ತಗಡಿಗೆ ಎದೆ ಒತ್ತಿ ನಿಂತು ಈ ದನಿ ಕೇಳಿದವರೇ. ದನಿ ಹೇಳಿದಂತೆ ಮಾಡದಿದ್ದರೆ ಮತ್ತೆ ತೆಗೆಯಬೇಕಾಗುತ್ತದೆ, ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ ಎಂದು ಅವರ ಮೂಳೆಗೇ ಗೊತ್ತಿತ್ತು.

‘ಮೊಬೈಲು, ಬೀಗದಕೈ, ಲೋಹದ್ದು ಏನಿದ್ರೂ ಕೆಳಗಿಡಿ! ಮೊಬೈಲ್ ಆಫ್ ಮಾಡಿ ಇಡಿ!’

ಟಾರ್ಚುಗಳು ಪಟಪಟನೆ ಆರಿದವು. ಒಬ್ಬ ಅಜ್ಜಿ ಬಳೆ ಕಳಚತೊಡಗಿದಳು.

‘ಎರಡೂ ಕೈ ಸೊಂಟದ ಮೇಲೆ! ಗದ್ದ ಮೇಲೆ! ಇನ್ನೂ ಮೇಲೆ!’

ಮುನ್ನೂರು ಗದ್ದ ಮೇಲೆದ್ದವು. ವೇದಿಕೆಯ ಮೇಲೆ ಬೆಳ್ಳಗೆ ಕಾಣುತ್ತಿದ್ದ ಒಂದು ಆಕಾರವೂ ಕೈ ಸೊಂಟಕ್ಕಿಟ್ಟು ಗದ್ದ ಎತ್ತಿತು. ಅಧ್ಯಕ್ಷರಿಗೆ ಹೋದ ವರ್ಷ ಪಕ್ಕೆಲುಬು ಮುರಿದಿತ್ತು.

ಅವಳು ಟೆಲಿಸ್ಕೋಪಿಗೆ ಕಣ್ಣಿಟ್ಟಳು. ಹಾಲು ಹೋಗಿತ್ತು. ಕಪ್ಪು. ಕಪ್ಪಿನ ನಡುವೆ ಸೂಜಿಮೊನೆಯಷ್ಟು ನಕ್ಷತ್ರ, ತಾನು ಇಷ್ಟು ಹೊತ್ತೂ ಇಲ್ಲೇ ಇದ್ದೆ ಎನ್ನುವ ಹಾಗೆ. ಸೆಕೆಂಡು ಎಣಿಸುವ ಯಂತ್ರವೂ ಧ್ವನಿ ಮುದ್ರಿಸುವ ಯಂತ್ರವೂ ಶುರುವಾಗಿದ್ದವು. ಟಿಕ್, ಟಿಕ್. ಮೈದಾನದಲ್ಲಿ ಮತ್ತೆ ಗುಸುಗುಸು ಏಳುವ ಸೂಚನೆ ಕಂಡಿತು. ಯಾರದೋ ಕೈ ನೆಲ ತಡವುವ ಸದ್ದು. ಒಂದೇ ಒಂದು ಟಾರ್ಚು ಹತ್ತಿದರೂ ಮುಗಿಯಿತು.

‘ಉಸಿರು ಎಳ್ಕೊಳ್ಳಿ’ ಎಂದಳು ಕಣ್ಣು ತೆಗೆಯದೆ. ‘ಪೂರ್ತಿ... ಹಿಡ್ಕೊಳ್ಳಿ.’

ಮೈದಾನ ಉಸಿರು ಹಿಡಿಯಿತು.

ನಕ್ಷತ್ರ ಆರಿತು.

‘ಹೋಯ್ತು’ ಎಂದಳು.

ಅದು ಮಿಣುಕಲಿಲ್ಲ, ಮಸುಕಾಗಲಿಲ್ಲ. ಯಾರೋ ಅಡ್ಡ ಬಂದು ನಿಂತ ಹಾಗೆ ಇಲ್ಲವಾಯಿತು. ಆ ಜಾಗದಲ್ಲಿ ಒಂದು ಕಲ್ಲು ಇತ್ತು. ಕೋಟ್ಯಂತರ ವರ್ಷ ಯಾರೂ ನೋಡದೆ ಅಲೆದ ಕಲ್ಲು, ಈಗಲೂ ಕಾಣದ ಕಲ್ಲು. ಅದರ ನೆರಳು ಅವಳ ಕಣ್ಣಿನ ಮೇಲೆ ಕೂತಿತ್ತು. ಟಿಕ್, ಟಿಕ್, ಟಿಕ್. ಇಂಥ ನೆರಳಿಗೆ ಸಹಿ ಹಾಕುವ ಡಾಕ್ಟರು ಇನ್ನೂ ಹುಟ್ಟಿರಲಿಲ್ಲ.

‘ಬಂತು.’

ಆರು ಸೆಕೆಂಡು ಮತ್ತು ಒಂದಿಷ್ಟು ಚೂರು. ಚೂರೆಷ್ಟು ಎಂಬುದನ್ನು ಮನೆಗೆ ಹೋಗಿ, ಮುದ್ರಿಸಿದ್ದನ್ನು ಕೇಳಿ ಅಳೆಯಬೇಕು. ಅವಳು ಕಣ್ಣು ತೆಗೆಯಲಿಲ್ಲ. ನಕ್ಷತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಅವಳು ನೋಡುತ್ತಲೇ ನಿಂತಳು. ಎಷ್ಟು ಹೊತ್ತು ನಿಂತಳೋ, ಪಕ್ಕದಿಂದ ಹೆಡ್‌ಮಾಸ್ಟರ ಹಿಂಡಿದ ದನಿ ಕೇಳಿಸಿತು.

‘ಅಕ್ಕ... ಉಸಿರು... ಬಿಡಬಹುದಾ?’

ತಲೆಯೆತ್ತಿ ನೋಡಿದಳು. ಮೈದಾನದ ತುಂಬ ಜನ ಕೈ ಸೊಂಟಕ್ಕಿಟ್ಟು, ಗದ್ದ ಎತ್ತಿ, ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದರು.

‘ಅಯ್ಯೋ! ಬಿಡಿ, ಬಿಡಿ!’

ಮುನ್ನೂರು ಉಸಿರು ಒಟ್ಟಿಗೆ ಹೊರಬಿತ್ತು. ಆಮೇಲೂ ಯಾರೂ ಗದ್ದ ಇಳಿಸಲಿಲ್ಲ. ಕತ್ತಲೆಗೆ ಕಣ್ಣು ಪಳಗಿತ್ತು. ಮೇಲೆ ನಕ್ಷತ್ರಗಳು ಕಾಳು ಚೆಲ್ಲಿದ ಹಾಗೆ ಬಿದ್ದಿದ್ದವು, ಸಣ್ಣವು, ದಪ್ಪವು, ಹೊಗೆಯಂಥವು. ‘ಇಷ್ಟೊಂದು ಯಾವಾಗ ಬಂದ್ವು?’ ಎಂದಿತು ಒಂದು ದನಿ. ‘ಮೊದಲೇ ಇದ್ವು, ನಿನ್ನ ತಲೆ’ ಎಂದಿತು ಇನ್ನೊಂದು. ಬಳೆ ಕಳಚಿದ ಅಜ್ಜಿ ಮಾತ್ರ ಬಾಯಿ ತೆರೆದು ನಿಂತಿದ್ದಳು.

‘ಏಯ್, ಲೈಟು ಹಾಕ್ರೋ!’ ಎಂದರು ಅಧ್ಯಕ್ಷರು ವೇದಿಕೆಯಿಂದ. ‘ನನ್ ಭಾಷಣ ಬಾಕಿ ಇದೆ!’

‘ಬಿಸಿ ಆರ್ಬೇಕು ಸಾರ್, ಅರ್ಧ ಗಂಟೆ’ ಎಂದ ಮೇಷ್ಟರು ಜನರೇಟರಿನ ಪಕ್ಕದಿಂದ, ಗಂಭೀರವಾಗಿ. ‘ಸೇಫ್ಟಿ.’ ಹೆಂಡತಿಯ ಹತ್ತಿರ ಬಂದು ಪಿಸುಗುಟ್ಟಿದ: ‘ನಾನು ಯಾವ ಸ್ವಿಚ್ಚೂ ಮುಟ್ಟಿಲ್ಲ ಕಣೇ. ಅವನೇ ಮುಟ್ಟಿದ್ದು.’

‘ನೋಡ್ದೆ’ ಎಂದಳು ಅವಳು. ಟೆಲಿಸ್ಕೋಪಿನ ಪೆಟ್ಟಿಗೆಯ ಮೇಲೆ ಹಾಳೆ ಇಟ್ಟುಕೊಂಡು, ‘ಕಂಡಿತು’ ಎಂದು ಬರೆದು, ಕೆಳಗಿನ ಗೆರೆಯನ್ನು ಬೆರಳಿನಿಂದ ತಡವಿ ಹುಡುಕಿ ಸಹಿ ಹಾಕಿದಳು. ಕತ್ತಲಲ್ಲಿ ಅದು ಗೆರೆ ಬಿಟ್ಟು ಮೇಲಕ್ಕೆ ಹತ್ತಿತ್ತು.

ತಲೆಯೆತ್ತುವಷ್ಟರಲ್ಲಿ ಅವಳ ಮುಂದೆ ಸಾಲು ಕಟ್ಟಿತ್ತು. ಯಾರೂ ಕಟ್ಟಿ ಎಂದಿರಲಿಲ್ಲ. ಅವಳಿಗೂ ಅಭ್ಯಾಸ. ‘ಒಬ್ಬೊಬ್ರೇ ಬನ್ನಿ. ಕೊಳವೆ ಮುಟ್ಬೇಡಿ. ನೋಡಿದವರು ಆ ಕಡೆ ಹೋಗಿ. ಮುಂದಿನವರು!’

ಅಧ್ಯಕ್ಷರು ಸಾಲು ತಪ್ಪಿಸಿ ಮುಂದೆ ಬಂದರು. ಬಗ್ಗಿ ಕಣ್ಣಿಟ್ಟರು.

‘ಆರಿಹೋಗಿದ್ದು ಇದೇನಾ?’

‘ಅದೇ ಸಾರ್.’

‘ಈಗ ಉರೀತಾ ಇದೆಯಲ್ಲ!’

‘ಆರು ಸೆಕೆಂಡು ಆರಿತ್ತು. ಮತ್ತೆ ಹತ್ಕೊಂಡ್ತು.’

‘ನಮಗೆ ಯಾರಿಗೂ ಕಾಣಲಿಲ್ಲವಲ್ಲಮ್ಮ. ಇಷ್ಟೆಲ್ಲ ವ್ಯವಸ್ಥೆ ಮಾಡಿಸಿದ್ದು ನಾವು. ಆರಿತ್ತು ಅನ್ನೋಕೆ ನೋಡಿದವರು ಯಾರು?’

‘ನಾನು.’

‘ನೀವೊಬ್ರೇನಾ?’

‘ನಾನೊಬ್ಳೇ ಸಾರ್. ಹಿಂದೆ ಅಜ್ಜಿ ಕಾಯ್ತಿದ್ದಾರೆ, ಸ್ವಲ್ಪ ಆ ಕಡೆ ಸರೀರಿ.’